ತಾರಸಿಯ ಕುಂಬಳಬಳ್ಳಿ

“ಅಕ್ಕಾವ್ರೇ, ಅದನ್ನ ಗೊಬ್ಬರದ ತೊಟ್ಟಿಗೆ ಹಾಕ್ಬೇಡಿ. ಆರು ತಿಂಗಳು ಈ ಮನೆಗೆ ಬಿದ್ದ ಕಣ್ಣನ್ನೆಲ್ಲ ಕುಡಿದಿರೋ ಕಾಯಿ. ಮೂರು ದಾರಿ ಕೂಡೋ ಕಡೆ ಒಡೆದು ಬರ್ತೀನಿ, ಇತ್ಲಾಗೆ ಕೊಡಿ.”

ಗಾರೆ ಕೆಲಸದ ಗೂಳಪ್ಪ ಎರಡೂ ಕೈ ಚಾಚಿ ನಿಂತಿದ್ದ. ಶ್ರೀದೇವಿಯ ತೋಳಲ್ಲಿ ಕೆಂಪು ನಾಲಿಗೆ, ಕರಿ ಮೀಸೆ ಬರೆದ ಬೂದುಗುಂಬಳಕಾಯಿಯಿತ್ತು. ಬನಶಂಕರಿ ಎರಡನೇ ಹಂತದ ಹಳೆಯ ಮನೆ ಕೊಂಡು, ತಾರಸಿಯ ಮೇಲೆ ಬಯಲು ಅಡುಗೆಮನೆ ಕಟ್ಟಿಸಿದಷ್ಟು ದಿನವೂ ಅದು ಸಜ್ಜಾದಡಿ ತೂಗಿತ್ತು. ಊರವರ ಅಂಗಳ, ತಾರಸಿಗಳನ್ನು ಅಂದಗೊಳಿಸುವುದೇ ಅವಳ ವೃತ್ತಿ. ಕಪ್ಪುಕಲ್ಲಿನ ಒಲೆಕಟ್ಟೆ, ಮರದ ಚಪ್ಪರ, ಬೆತ್ತದ ಕುರ್ಚಿ ಎಲ್ಲ ಸಿದ್ಧವಾಗಿ, ಮರುದಿನ ಫೋಟೊದವರು ಬರುವವರಿದ್ದರು.

“ನೀನು ರಸ್ತೇಲಿ ಒಡೀತೀಯ, ಸ್ಕೂಟರ್‌ನೋನು ಜಾರಿ ಸೊಂಟ ಮುರ್ಕೋತಾನೆ. ಯಾರ ದೃಷ್ಟಿ ತಾಗ್ತೋ ಅಂತ ಅವ್ನೂ ಒಂದು ಕಾಯಿ ಒಡೀತಾನೆ!” ಶ್ರೀದೇವಿ ನಕ್ಕಳು. “ನಮ್ಮನೇಲಿ ಹಸಿ ಕಸ ಎಲ್ಲಾ ಗೊಬ್ಬರವೇ ಗೂಳಪ್ಪ, ದೆವ್ವಾನೂ.”

ಮಚ್ಚಿನಿಂದ ಇಬ್ಭಾಗ ಮಾಡಿ ತೊಟ್ಟಿಗೆ ಹಾಕಿದಳು. ಗೂಳಪ್ಪ ಮುಖ ತಿರುಗಿಸಿಕೊಂಡ.

ನಮ್ಮ ಹಿರಿಯರಿಗೆ ಕುಂಬಳಕಾಯಿ ಬರೀ ತರಕಾರಿಯಲ್ಲ, ಜೀವಕ್ಕೆ ಬದಲಾಗಿ ಕೊಡುವ ಜೀವ. ಮನೆಮಂದಿಗೆ ತಟ್ಟಬೇಕಾದದ್ದನ್ನು ತಾನು ಹೊತ್ತು, ಬೀದಿಯಲ್ಲಿ ಒಡೆದು ಇಳಿಸಿಹೋಗುತ್ತದೆ. ಮನೆಯೊಳಗೇ ಒಡೆದರೆ ಆ ಹೊರೆ ಇಳಿಯುವುದಾದರೂ ಯಾರ ತಲೆಯ ಮೇಲೆ?

ಒಂಬತ್ತನೆಯ ದಿನ ತೊಟ್ಟಿಯಲ್ಲಿ ಮೊಳಕೆ ಕಂಡಿತು. ಹದಿನೈದು ದಿನಕ್ಕೆ ಬಳ್ಳಿ ಚಪ್ಪರವೇರಿತು. ಫೋಟೊ ನೋಡಿದವರೆಲ್ಲ ಭಾನುವಾರಗಳಂದು ಹುಡುಕಿಕೊಂಡು ಬಂದರು. “ಎಂಥಾ ನೆರಳು ಮೇಡಂ, ಸಖತ್ತಾಗಿದೆ!” ಎಂದು ಒಬ್ಬೊಬ್ಬರು ಕಣ್ಣರಳಿಸಿದಾಗಲೂ ಬಳ್ಳಿ ಒಂದು ಗೇಣು ಚಾಚಿಕೊಳ್ಳುತ್ತಿತ್ತು. ತಿಂಗಳೆರಡು ಕಳೆಯುವಷ್ಟರಲ್ಲಿ ನಡುಮಧ್ಯಾಹ್ನವೂ ಕಟ್ಟೆಯ ಬಳಿ ದೀಪ ಹಾಕಬೇಕಾಯಿತು. ಗಾಳಿಯಿಲ್ಲದಾಗಲೂ ಎಲೆಗಳು ಸರಸರ ಎನ್ನುತ್ತಿದ್ದವು. ಒಲೆಯ ಮೇಲೆ ಏನಿಟ್ಟರೂ ಮೇಲಿನಿಂದ ಹಳಸಿದ ಮೊಸರಿನ, ಒದ್ದೆ ಕೂದಲಿನ ವಾಸನೆ ಇಳಿದು ಬರುತ್ತಿತ್ತು.

ಇತ್ತ ಐದು ವರ್ಷದ ಮಗಳು ತನ್ಮಯಿ ಊಟ ಬಿಟ್ಟಳು. ಕೆನ್ನೆ ಇಳಿಯಿತು, ಮಾತು ಇಂಗಿತು. ಡಾಕ್ಟರರು ರಕ್ತ ತೆಗೆದು ನೋಡಿದರು, ಏನೂ ಇಲ್ಲವೆಂದರು. ಮಗು ದಿನವಿಡೀ ಬಳ್ಳಿಯ ಕತ್ತಲಲ್ಲಿ ತಲೆಯೆತ್ತಿ ಕೂತಿರುತ್ತಿತ್ತು. ಅಲ್ಲಿ ಒಂದೇ ಒಂದು ಕಾಯಿ ದಪ್ಪಗಾಗುತ್ತಿತ್ತು.

ಒಂದು ಬೆಳಿಗ್ಗೆ ಮಜ್ಜಿಗೆಹುಳಿಗೆಂದು ಅದನ್ನು ಕೊಯ್ಯಲು ಹೋದ ಶ್ರೀದೇವಿ ಮೇಲಿನ ಬೂದಿಯನ್ನು ಅಂಗೈಯಿಂದ ಒರೆಸಿದಳು. ಕಾಯಿ ಬೆಚ್ಚಗಿತ್ತು. ಬೂದಿಯಡಿ ತನ್ಮಯಿಯದೇ ಎಡಗೆನ್ನೆಯ ಗುಳಿ. ತುಟಿಯ ಕೆಳಗೆ ಮಚ್ಚೆ. ಮುಚ್ಚಿದ ರೆಪ್ಪೆಗಳು.

“ಅಮ್ಮ,” ಹಿಂದೆ ಕೂತಿದ್ದ ಮಗು ಪಿಸುಗುಟ್ಟಿತು, “ಅದನ್ನ ಒತ್ಬೇಡ. ನಂಗೆ ನೋಯುತ್ತೆ.”

ಫೋನು ಮಾಡಿದ ಅರ್ಧ ಗಂಟೆಗೆ ಗೂಳಪ್ಪ ಬಂದ. ಬಳ್ಳಿಯಡಿಗೆ ಕಾಲಿಡದೆ ಮೆಟ್ಟಿಲಲ್ಲೇ ನಿಂತ.

“ತಪ್ಪಾಯ್ತು ಗೂಳಪ್ಪ. ಈಗ್ಲಾದ್ರೂ ನೀನೇ ಒಡೆದು ಬಾ.”

“ನಾನು ಒಡೆದ್ರೆ ಆಗಲ್ಲ ತಾಯಿ, ತೊಟ್ಟಿಗೆ ಹಾಕಿದ ಕೈಯೇ ಒಡೀಬೇಕು. ತೊಟ್ಟು ಕೊಯ್ದ ಗಳಿಗೆಯಿಂದ ಮಗು ಉಸಿರು ಅದ್ರೊಳಗಿರುತ್ತೆ. ಎಲ್ಲೂ ಕೆಳಗಿಡದೆ ಓಡಿ.” ತಡೆದು ಹೇಳಿದ. “ಅದು ಮಗೂನ ಬಿಡುತ್ತೆ. ಆದ್ರೆ ಬರಿಗೈಲಿ ಹೋಗಲ್ಲ. ಒಡೆದೋರ ಕಣ್ಣಿಂದ ಏನಾದ್ರೂ ಇಸ್ಕೊಂಡೇ ಹೋಗೋದು.”

“ಕಣ್ಣೇ ಹೋಗ್ಲಿ.”

ಮಗುವನ್ನು ಮೆಟ್ಟಿಲಲ್ಲಿ ಅವನ ಪಕ್ಕ ನಿಲ್ಲಿಸಿ ಬಂದು ತೊಟ್ಟು ಕೊಯ್ದಳು. ಮಗು ಗೂಳಪ್ಪನ ತೋಳಿಗೆ ಕುಸಿಯಿತು.

ಓಡಿದಳು. ಮೆಟ್ಟಿಲು. ಗೇಟು. ಬರಿಗಾಲು. ಎದೆಗವಚಿದ ಕಾಯಿಯೊಳಗೆ ಏನೋ ಡವಡವ ಎನ್ನುತ್ತಿತ್ತು. ಮಗುವಿನಷ್ಟೇ ಭಾರ. ಬಡಿತ ನಿಧಾನವಾಯಿತು. ಬನಶಂಕರೀ, ತಾಯಿ, ಇನ್ನೊಂದು ತಿರುವು. “ಏ ಮೇಡಂ, ಸಾಯ್ಬೇಕಾ?” ಆಟೋದವನು ಬ್ರೇಕು ಒತ್ತಿದ. ಬಡಿತ ನಿಂತಿತು. ಮೂರು ದಾರಿ ಕೂಡಿದವು. ಎತ್ತಿದಳು. ರೆಪ್ಪೆ ತೆರೆಯಿತು. ಅವಳನ್ನೇ ನೋಡಿತು. ಅಪ್ಪಳಿಸಿದಳು.

ಒಳಗೆ ತಿರುಳಿರಲಿಲ್ಲ. ಬೆಚ್ಚನೆಯ ಉಸಿರೊಂದು ಹೊರಬಿತ್ತು. ನಿದ್ದೆಯಿಂದೆದ್ದ ಮಗುವಿನ ಬಾಯಿಯ ಹಾಲಿನ ವಾಸನೆ.

ಮನೆಗೆ ಮರಳುವಾಗ ಶ್ರೀದೇವಿಗೆ ಎಲ್ಲವೂ ಕಾಣುತ್ತಿತ್ತು. ರಸ್ತೆ, ಗೇಟು, ಗೂಳಪ್ಪನ ಕಣ್ಣೀರು. ದೇವಿಗೆ ಮನಸ್ಸಿನಲ್ಲೇ ಅಡ್ಡಬಿದ್ದಳು.

“ಅಮ್ಮಾ, ಹಸಿವು! ಅನ್ನ ಕೊಡು!”

ಎಷ್ಟು ದಿನದ ಮೇಲೆ ಆ ದನಿ! ಬಾಚಿ ಎತ್ತಿಕೊಂಡಳು. ಹಳದಿ ಲಂಗ, ಪುಟ್ಟ ಕೊರಳು, ಮಣಿಸರ ಕಂಡವು. ಅದರ ಮೇಲೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ತಿಳಿಹಸಿರು ನುಣುಪು ಸಿಪ್ಪೆ. ಅದರ ತುಂಬ ಬೂದಿ.

“ಗೂಳಪ್ಪ… ಮಗು ಮುಖ?”

“ನಗ್ತಿದೆ ತಾಯಿ. ಮೊದ್ಲಂಗೇ ಇದೆ.”

ಗೋಡೆಯ ಮೇಲಿನ ಮಗಳ ಫೋಟೊಗಳತ್ತ ತಿರುಗಿದಳು. ಅಲ್ಲಿಯೂ ಅದೇ ಸಿಪ್ಪೆ.

ಅನ್ನ ಕಲಸಿದಳು. ಎಡಗೈ ಬೆರಳಿಂದ ತಡವಿ, ತುಟಿ ಸಿಕ್ಕ ಕಡೆ ಮೊದಲ ತುತ್ತು ಇಟ್ಟಳು.