ಮಗ್ಗ ನಿಂತರೆ ಮೂಕನಾಗುವವನು

ಝೆನೋನ್‌ಗೆ ಮಾತು ಬರುವುದಿಲ್ಲವೆಂದಲ್ಲ. ಸದ್ದಿಲ್ಲದ ಕಡೆ ಬರುವುದಿಲ್ಲ, ಅಷ್ಟೇ.

ನಮ್ಮ ವೂಚ್ ನಗರದ ಬಟ್ಟೆ ಗಿರಣಿಯಲ್ಲಿ ನಾನು ನೇಯುತ್ತಿದ್ದಾಗ ಆತ ಮಗ್ಗ ರಿಪೇರಿ ಮಾಡುವ ಮಿಸ್ತ್ರಿ. ಆ ಅಬ್ಬರದಲ್ಲಿ ಕೂಗಿದರೂ ಕೇಳಿಸದು. ಹಾಗಾಗಿ ನಾವೆಲ್ಲ ದನಿ ಬಿಟ್ಟು ಬರೀ ತುಟಿ ಆಡಿಸಿ ಮಾತಾಡುತ್ತಿದ್ದೆವು. ಷೆಡ್ಡಿನ ಆ ತುದಿಯಿಂದ ಆತ ತುಟಿಯಲ್ಲೇ ರೇಗಿಸುತ್ತಿದ್ದ, ನಾನು ತುಟಿಯಲ್ಲೇ ಬೈಯುತ್ತಿದ್ದೆ. ಆಮೇಲೆ ಇಬ್ಬರಿಗೂ ಬೇರೆ ಬೇರೆ ಮದುವೆ, ಸಂಸಾರ. ಗಿರಣಿ ಮುಚ್ಚಿತು. ನನ್ನ ಗಂಡ ಹೋದ, ಅವನ ಹೆಂಡತಿಯೂ ಹೋದಳು.

ಈಗ ಆ ಷೆಡ್ಡೇ ಮ್ಯೂಸಿಯಂ. ಬಂದವರಿಗೆ ನಾವಿಬ್ಬರೂ ಮಗ್ಗ ತೋರಿಸುತ್ತೇವೆ. ಮಧ್ಯಾಹ್ನ ನಾನು ಗಸಗಸೆ ಕೇಕ್ ಕೊಯ್ದು ಕೊಟ್ಟರೆ ಆತ ಕಣ್ಣೆತ್ತಿ ನೋಡುತ್ತಾನೆ, ಏನೋ ಹೇಳಲು ಬಾಯಿ ತೆರೆಯುತ್ತಾನೆ, ಕೊನೆಗೆ ಮೋಡದ ಬಗ್ಗೆ ಮಾತಾಡುತ್ತಾನೆ. ಕಡಲ ದಂಡೆಯ ಗ್ದೀನ್ಯಾ ಊರಿನಲ್ಲಿರುವ ನನ್ನ ತಂಗಿ ತನ್ನ ಜೊತೆಗೇ ಬಂದಿರು ಎಂದು ಕರೆದಾಗ, ಶನಿವಾರದ ರೈಲಿಗೆ ಟಿಕೆಟ್ ತಗೊಂಡಿದ್ದೇನೆಂದು ಅವನಿಗೆ ಹೇಳಿದೆ. ಅವನು ತಡೆದರೆ ಉಳಿಯುವ ಆಸೆ ನನಗೆ.

"ಕೊಡೆ ತಗೊಂಡು ಹೋಗಿ. ಅಲ್ಲಿ ಮಳೆ ಜಾಸ್ತಿ," ಅಂದ ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ನಮ್ಮ ನೆನಪಿನ ದಿನ. ಪ್ರತಿ ವರ್ಷ ಗಿರಣಿ ಮುಚ್ಚಿದ ದಿನ ಹಳೆಯ ನೇಕಾರ ಹೆಂಗಸರೆಲ್ಲ ಸೇರಿ, ತೀರಿಕೊಂಡವರ ಹೆಸರು ಹೇಳಿ ಮೇಣದಬತ್ತಿ ಹಚ್ಚುತ್ತೇವೆ. ಅವನ ಹೆಂಡತಿಯ ಹೆಸರನ್ನು ಈ ಸಲ ನಾನು ಹೇಳಿದೆ, ನನ್ನ ಗಂಡನ ಹೆಸರನ್ನು ಅವನು. ಆಮೇಲೆ ಉಳಿದಿರುವ ಮಗ್ಗಗಳನ್ನೆಲ್ಲ ಸ್ವಲ್ಪ ಹೊತ್ತು ಓಡಿಸುವುದು ಪದ್ಧತಿ.

ಝೆನೋನ್ ಸ್ವಿಚ್ ಒತ್ತಿದ. ಅಬ್ಬರ ಶುರುವಾದದ್ದೇ ತಡ, ಅವನ ಮುಖಕ್ಕೆ ಹಳೆಯ ಗೆಲುವು ಬಂತು. ನನ್ನನ್ನೇ ನೋಡುತ್ತಾ, ದನಿಯಿಲ್ಲದೆ, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಹೋಗ್ಬೇಡಿ ಲುತ್ಸಿನಾ. ನೀವು ಹೋದ್ರೆ ನಾನು ಯಾರ ಹತ್ರ ಸುಮ್ನೆ ಕೂತ್ಕೊಳ್ಳಲಿ? ನಂಗೆ ನೀವು ಬೇಕು."

ಆದರೆ ಪುಣ್ಯಾತ್ಮ ಒಂದು ವಿಷಯ ಮರೆತಿದ್ದ. ನನ್ನ ಹಿಂದೆ ಬೆಂಚಿನ ತುಂಬ ನೇಕಾರರು ಕೂತಿದ್ದರು, ಎಲ್ಲರೂ ತುಟಿ ಓದುತ್ತಲೇ ಆಯಸ್ಸು ಕಳೆದವರು. ತಿರುಗಿದರೆ ಕೇಕ್ ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತಿದ್ದವು. ಗೆಳತಿ ಬ್ರೋನ್ಯಾ ಕಣ್ಣೊರೆಸಿಕೊಳ್ಳುತ್ತಾ ತುಟಿಯಲ್ಲೇ ಅಂದಳು, "ಬೇಗ ಉತ್ತರ ಕೊಡೇ. ಮಗ್ಗ ನಿಂತ್ರೆ ಮತ್ತೆ ಮೂಕ ಆಗ್ತಾನೆ."

ಝೆನೋನ್ ಕಿವಿಯವರೆಗೂ ಕೆಂಪಾಗಿ ಸ್ವಿಚ್ಚಿಗೆ ಕೈ ಚಾಚಿದ. ನಾನು ಆ ಕೈ ಹಿಡಿದುಕೊಂಡೆ. ಗುಟ್ಟಿನ ಮಾತಾದರೆ ನಾವು ಆಗೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದೆವು. ಇನ್ನೊಂದು ಅಂಗೈಯನ್ನು ಹಾಗೇ ಅಡ್ಡ ಹಿಡಿದು, ಅವನೊಬ್ಬನಿಗೇ ಕಾಣುವಂತೆ ಉತ್ತರ ಹೇಳಿದೆ. ಬೆಂಚಿನಲ್ಲಿ ಮೋಸ, ಮೋಸ ಎಂದು ಗಲಾಟೆಯೆದ್ದಿತಂತೆ. ನಮಗೆ ಕೇಳಿಸಲಿಲ್ಲ.

ಮಗ್ಗಗಳು ನಿಂತವು. ಆ ನಿಶ್ಶಬ್ದದಲ್ಲಿ, ಎಲ್ಲರೆದುರು, ಝೆನೋನ್ ದನಿ ತೆಗೆದ.

"ಟಿಕೆಟ್ ವಾಪಸ್ ಕೊಡೋಕೆ ನಾಳೆ ನಾನೂ ಸ್ಟೇಷನ್‌ಗೆ ಬರ್ತೀನಿ."

"ಬನ್ನಿ," ಅಂದೆ. "ಕೊಡೆ ತಗೊಂಡು ಬನ್ನಿ."