ಈಗಷ್ಟೇ ಹೋದವಳ ವಾಸನೆ

ಗದಗಿನ ಪ್ರತಿಭಕ್ಕ ಬಡಿಗೇರಳ ಮನೆಯ ಗೋಡೆಗೂಡಿನಲ್ಲಿ ಕುಂಕುಮದ ಭರಣಿಯಷ್ಟು ಚಿಕ್ಕ ಯಂತ್ರವೊಂದು ಆಗಾಗ ಮೆಲ್ಲಗೆ ಉಸಿರು ಬಿಡುತ್ತಿತ್ತು. ಮನುಷ್ಯರ ಮೂಗಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಕೆಳಗೆ ಮಲಗಿದ್ದ ಮೋತ್ಯಾ ಎಂಬ ನಾಯಿಗೆ ಮಾತ್ರ, ಒಡತಿ ಈಗಷ್ಟೇ ಕೊತ್ತಂಬರಿ ತರಲು ಹೋಗಿದ್ದಾಳೆ, ಬಂದೇ ಬಿಡುತ್ತಾಳೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಒಡತಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿ ಎರಡು ವಾರದ ಮೇಲಾಗಿತ್ತು.

ಯಂತ್ರ ಮಾಡಿದವರು ಧಾರವಾಡದ ವಿಜ್ಞಾನಿ ನಿವೇದಿತಾ ಹುಯಿಲಗೋಳ. ನಾಯಿಗೆ ಮೂಗೇ ಗಡಿಯಾರ ಎಂಬುದು ಅವರ ವಾದ. ಮನೆ ಬಿಟ್ಟು ಹೋದವರ ಮೈವಾಸನೆ ಹೊತ್ತು ಕಳೆದಂತೆ ಸವೆಯುತ್ತದೆ. ಎಷ್ಟು ಸವೆದಿದೆ ಎಂಬುದರ ಮೇಲೆ, ಹೋಗಿ ಎಷ್ಟು ಹೊತ್ತಾಯಿತೆಂದು ನಾಯಿ ಅಳೆಯುತ್ತದೆ. ಹಾಗಾದರೆ ಅದು ಸವೆಯದಂತೆ ನೋಡಿಕೊಂಡರೆ? ಬಟ್ಟೆಯಲ್ಲಿನ ಬೆವರಿನ ಅಣುಗಳನ್ನು ಗುರುತಿಸಿ, ಅವನ್ನೇ ಹೊಸದಾಗಿ ತಯಾರಿಸಿ ಬಿಡುವ ಡಬ್ಬಿ ಹೀಗೆ ಹುಟ್ಟಿತು.

ಪ್ರತಿಭಕ್ಕನಿಗೆ ಬೇಕಾಗಿದ್ದು ವಾದವಲ್ಲ, ಮೊಣಕಾಲು. ಖಾನಾವಳಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಡಿದು ಅದು ಕೈಕೊಟ್ಟಿತ್ತು. ಆಪರೇಶನ್ ಇನ್ನೂ ಮುಂದೂಡಿದರೆ ನಡೆದಾಟವೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಹಿಂದೊಮ್ಮೆ ಆಕೆ ತಂಗಿಯ ಮನೆಗೆ ಹೋದಾಗ ಮೋತ್ಯಾ ಅನ್ನ ನೀರು ಬಿಟ್ಟು ಸಾಯುವ ಹಂತ ಮುಟ್ಟಿತ್ತು. ನಾಯಿಗಳನ್ನು ಇಟ್ಟುಕೊಳ್ಳುವ ಕಡೆ ವಿಚಾರಿಸಿದರೆ, ಆ ಬಾಡಿಗೆಗೆ ಮನುಷ್ಯರೇ ಹೋಗಿ ಹಾಯಾಗಿ ಇರಬಹುದಿತ್ತು. ಪಕ್ಕದ ಮನೆಯ ಶಕೀಲಾ ಊಟ ಹಾಕಲು ಸಿದ್ಧಳಿದ್ದಳು, ಆದರೆ ತಿನ್ನುವವನು ತಿನ್ನಬೇಕಲ್ಲ? ಪ್ರಯೋಗಕ್ಕೆ ಒಂದು ನಾಯಿ ಸಿಕ್ಕರೆ ಸಾಕು, ಡಬ್ಬಿ ಪುಕ್ಕಟೆ ಎಂದು ನಿವೇದಿತಾ ಬಂದಾಗ ಪ್ರತಿಭಕ್ಕನಿಗೆ ಹೋದ ಜೀವ ಬಂದಂತಾಯಿತು.

ಉಟ್ಟು ಬಿಟ್ಟ ಸೀರೆ ಬೇಕು ಎಂದು ನಿವೇದಿತಾ ಕೇಳಿದ್ದರು. ಪ್ರತಿಭಕ್ಕ ಅದನ್ನು ಚೆನ್ನಾಗಿ ಒಗೆದು, ಇಸ್ತ್ರಿ ಹಾಕಿ, ತಾಟಿನಲ್ಲಿಟ್ಟು ಕೊಟ್ಟಳು! ಡಬ್ಬಿ ದಿನವಿಡೀ ಸೋಪಿನ ವಾಸನೆ ಬಿಟ್ಟಿತು. ಮೋತ್ಯಾ ಸೀನಿ ಸೀನಿ ಹೊರಗೆ ಹೋಯಿತು.

"ದೊಡ್ಡವ್ರ ಕೈಯಾಗ ಹೊಲಸ ಸೀರಿ ಹೆಂಗ ಕೊಡೂದ್ರಿ?" ಎಂದು ಆಕೆ ನಾಚಿದಳು. ಕೊನೆಗೆ ಒಲೆಯ ಮುಂದೆ ಬೆವರೊರೆಸುವ ಹಳೆಯ ಟಾವೆಲನ್ನು ಮುಖ ಆಚೆ ತಿರುಗಿಸಿಕೊಂಡೇ ಕೊಟ್ಟಳು. ಅದರಿಂದ ಕೆಲಸ ಕೂಡಿಬಂತು. ಆಕೆ ಆಸ್ಪತ್ರೆಗೆ ಹೋದ ಮೇಲೂ ಮೋತ್ಯಾ ಶಕೀಲಾ ಹಾಕಿದ್ದನ್ನೆಲ್ಲ ತಿಂದು ಗುಂಡಗಾಯಿತು.

ಪ್ರತಿಭಕ್ಕ ಮರಳಿದ ದಿನ ನಿವೇದಿತಾ ಜೊತೆಗೇ ಬಂದರು. ಚಾಲಕನಿಲ್ಲದ ಟಂಟಂ ರಿಕ್ಷಾ ಇಬ್ಬರನ್ನೂ ಬಾಗಿಲ ಮುಂದೆ ಇಳಿಸಿತು. ಈ ಗಳಿಗೆಯನ್ನು ನೆನೆದೇ ಆಕೆ ಆಸ್ಪತ್ರೆಯ ನೋವನ್ನೆಲ್ಲ ನುಂಗಿದ್ದಳು.

"ನನ್ನ ಗಟ್ಟಿ ಹಿಡಕೋರಿ ಬಾಯಾರ. ಅಂವ ಹಾರಿ ಮೈಮ್ಯಾಲೆ ಬೀಳ್ತಾನ," ಎಂದು ನಿವೇದಿತಾರಿಗೆ ಹೇಳಿದಳು.

ಬಾಗಿಲು ತೆರೆಯಿತು. ಮೋತ್ಯಾ ಒಂದು ಕಣ್ಣು ಬಿಟ್ಟು ನೋಡಿತು. ಬಾಲವನ್ನು ನೆಲಕ್ಕೊಮ್ಮೆ ಬಡಿದು, ಮತ್ತೆ ಮಲಗಿತು.

"ನನ್ನ ಮರತಾನೇನ್ರಿ?" ಪ್ರತಿಭಕ್ಕ ನಿವೇದಿತಾರತ್ತ ತಿರುಗಿದಳು.

"ಇಲ್ಲರಿ. ನೀವು ಹೋದದ್ದ ಅವಗ ಗೊತ್ತಿಲ್ಲ. ಅದಕ್ಕ ಬಂದದ್ದೂ ಗೊತ್ತಾಗಲಿಲ್ಲ."

ಪ್ರಯೋಗ ನೂರಕ್ಕೆ ನೂರು ಗೆದ್ದಿತ್ತು. ಪ್ರತಿಭಕ್ಕ ಮಾತ್ರ ಅತ್ತುಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು, ಆ ಡಬ್ಬಿ ಬಂದ್ ಮಾಡಿ ತನ್ನನ್ನು ಶಕೀಲಾಳ ಮನೆಯ ಕಟ್ಟೆಗೆ ಕರೆದೊಯ್ಯಬೇಕೆಂದಳು. ಬಾಗಿಲು ಹಾಕಿ ಇಬ್ಬರೂ ಅಲ್ಲಿ ಕೂತರು. ಮೋತ್ಯಾ ತನ್ನನ್ನು ತುಸುವಾದರೂ ನೆನೆಯಲಿ ಎಂಬುದು ಆಕೆಯ ಹಟ.

ಬಿಸಿಲು ಇಳಿಯತೊಡಗಿತು. ನಿವೇದಿತಾರ ಫೋನು ಬೆಳಗಿತು: ಮಗಳು, ಬೆಳಗಿನಿಂದ ಎಷ್ಟನೆಯ ಸಲವೋ. ಅವಳು ತಿಂದದ್ದು, ಉಟ್ಟದ್ದು ಎಲ್ಲವನ್ನೂ ಅವರು ದಿನವಿಡೀ ಫೋನಿನಲ್ಲೇ ನೋಡುತ್ತಿದ್ದರು. ತಿಂಗಳ ಮೇಲೆ ಮಗಳಿರುವ ದೂರದೂರಿನ ಮನೆಗೆ ಹೋದರೂ ಕುರ್ಚಿಯಿಂದ ಯಾರೂ ಏಳುತ್ತಿರಲಿಲ್ಲ. ಮನೆಯವರು ಕತ್ತೆತ್ತದೆಯೇ ಊಟ ಆಯಿತೇ ಎನ್ನುತ್ತಿದ್ದರು. ದೂರವಿದ್ದೂ ತನ್ನ ಕೊರತೆ ಯಾರಿಗೂ ಕಾಣಿಸಲಿಲ್ಲವೆಂದು ನಿವೇದಿತಾ ಇಷ್ಟು ದಿನ ಹೆಮ್ಮೆಪಟ್ಟಿದ್ದರು. ಇಂಥ ಡಬ್ಬಿಯನ್ನು ಮೊದಲು ಮಾಡಿದ್ದು ತಾನಲ್ಲ, ಅದು ತನ್ನ ಅಮ್ಮನ ಕಾಲದಿಂದಲೇ ಫೋನಿನ ರೂಪದಲ್ಲಿ ಎಲ್ಲರ ಜೇಬಿನಲ್ಲಿದೆ ಎಂದು ಅವರಿಗೆ ಈಗ ಹೊಳೆಯಿತು.

ಅತ್ತ ಬಾಗಿಲ ಹಿಂದೆ ಮೆಲ್ಲಗೆ ಒಂದು ಕುಂಯ್ ಎಂಬ ದನಿ. ಆಮೇಲೆ ಉಗುರುಗಳು ಕದ ಕೆರೆಯುವ ಸದ್ದು.

"ಬರ್ರಿ, ಗಟ್ಟಿ ಹಿಡಕೋರಿ," ಎಂದು ಪ್ರತಿಭಕ್ಕ ಕೋಲೂರಿ ಎದ್ದಳು.

ನಿವೇದಿತಾ ಫೋನು ಬಂದ್ ಮಾಡಿ ಚೀಲಕ್ಕೆ ಹಾಕಿದರು. ಎರಡೂ ಕೈಯಿಂದ ಆಕೆಯನ್ನು ಹಿಡಿದುಕೊಂಡರು.