ಗುಡಿಸದ ಮರಳು

"ಎಲ್ಲಾ ಕಡೆ ಗುಡಿಸಿದ್ಯೇನೇ?" ಅಜ್ಜಿ ಕಂಬಳಿ ಕೊಡವುತ್ತಾ ಕೇಳಿದಳು.

"ಹ್ಞೂಂ ಅಜ್ಜಿ, ಎಲ್ಲಾ ಕಡೆ!" ಎಂದು ಹಮದಾ ಕೈಯಲ್ಲಿದ್ದ ಗಿಡದ ಕೊಂಬೆಯನ್ನು ಬೇಗನೆ ಎಸೆದುಬಿಟ್ಟಳು.

ಅದು ಸುಳ್ಳು. ಹಾಸಿದ ಜಮಖಾನೆಗಳ ಮೂರು ಕಡೆ ಮರಳು ಹೊಸ ಸ್ಲೇಟಿನ ಹಾಗೆ ನುಣ್ಣಗಿತ್ತು. ನಾಲ್ಕನೆಯ ಕಡೆ ಬಂಡೆ. ಬಂಡೆಯ ನಡುವೆ ಒಂದು ಕಪ್ಪು ಸೀಳು. ಗಾಳಿ ಬೀಸಿದಾಗಲೆಲ್ಲ ಅದರೊಳಗೆ ಯಾರೋ ಮೆಲ್ಲಗೆ ಉಸಿರು ಬಿಟ್ಟಂತೆ ಸದ್ದಾಗುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಬಗ್ಗಿ ಗುಡಿಸುವುದೆಂದರೆ ಸುಮ್ಮನೆಯೇ? ಅಜ್ಜಿಯ ಕಣ್ಣಿಗೆ ಹೇಗೂ ಪೊರೆ ಬಂದಿದೆ. ಗುಡಿಸಿದ್ದೂ ಬಿಟ್ಟಿದ್ದೂ ಅವಳಿಗೆ ಒಂದೇ.

ಶಾಲೆಗೆ ರಜೆ ಬಂತೆಂದರೆ ಹಮದಾ ಮತ್ತು ಪುಟ್ಟ ತಮ್ಮ ಫ್ರೇಜ್ ಅಜ್ಜಿಯ ಜೊತೆ ಮೇಕೆ ಹೊಡೆದುಕೊಂಡು ಮರುಭೂಮಿಯ ಈ ಕಣಿವೆಗೆ ಬರುತ್ತಿದ್ದರು. ಗುಡಾರ ತರುತ್ತಿರಲಿಲ್ಲ. ಮಲಗುವ ಮೊದಲು ಸುತ್ತಲೂ ಮರಳು ಗುಡಿಸಬೇಕು, ಆಮೇಲೆ ಯಾರೂ ಅದನ್ನು ತುಳಿಯಬಾರದು. ಬೆಳಗ್ಗೆ ಕಾಲು ಕೆಳಗಿಡುವ ಮೊದಲು ಹೆಜ್ಜೆ ಗುರುತು ನೋಡಿ, ರಾತ್ರಿ ಯಾರು ಬಂದರು, ಯಾರು ಹೋದರು ಎಂದು ಹೇಳಬೇಕು. ಅಜ್ಜಿಯ ಕಣ್ಣು ಮಂಜಾದ ಮೇಲೆ ಈ ಕೆಲಸ ಹಮದಾಳದ್ದು.

"ಏಯ್, ಇವತ್ತೂ ನಿದ್ದೇಲಿ ನನ್ನ ಒದ್ದರೆ ಮೇಕೆಗಳ ಮಧ್ಯೆ ಮಲಗಿಸ್ತೀನಿ," ಎಂದಳು ಹಮದಾ.

"ಮಲಗಿಸು. ಅವು ನಿನ್ನಷ್ಟು ಗೊರಕೆ ಹೊಡೆಯಲ್ಲ!" ಎಂದು ಫ್ರೇಜ್ ಕಂಬಳಿಯೊಳಗೆ ತೂರಿಕೊಂಡ.

ಹಮದಾಳಿಗೆ ಎಚ್ಚರವಾದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಒಲೆಯ ಬೂದಿ ತಣ್ಣಗಾಗಿತ್ತು. ಮೇಕೆಗಳೆಲ್ಲ ದೂರದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತು, ಇವರ ಕಡೆಗೇ ನೋಡುತ್ತಿದ್ದವು. ಒಂದೂ ಅರಚುತ್ತಿರಲಿಲ್ಲ.

"ಹೇಳು ಮರಿ, ರಾತ್ರಿ ಯಾವ್ಯಾವ ನೆಂಟರು ಬಂದಿದ್ರು?" ಪಕ್ಕದ ಜಮಖಾನೆಯ ಮೇಲೆ ಕೂತು ಅಜ್ಜಿ ಕೇಳಿದಳು.

"ಜೀರುಂಡೆ ಬಂದು ಹೋಗಿದೆ. ನರಿ ದೂರದಿಂದ್ಲೇ ಇಣುಕಿ ಹೋಗಿದೆ. ಆಮೇಲೆ..."

ಕಣಿವೆಯ ಕಡೆಯಿಂದ ಮರಳಿನ ಮೇಲೆ ಓರೆ ಗೆರೆಗಳು ಸಾಲಾಗಿ ಬಂದಿದ್ದವು, ಏಣಿಯ ಮೆಟ್ಟಿಲುಗಳ ಹಾಗೆ. ಫ್ರೇಜ್‌ನ ಕಾಲ ಬಳಿ, ಜಮಖಾನೆಯ ಅಂಚಿನಲ್ಲಿ ಅವು ಮುಗಿದಿದ್ದವು.

"ಅಜ್ಜಿ, ಕೊಂಬಿನ ಹಾವು." ಮರಳಿನಲ್ಲಿ ಹುದುಗಿ ಕೂರುವ ವಿಷದ ಹಾವು ಅದು.

"ಹೋಗಿದೆ ತಾನೆ?"

ಹಮದಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬಂದ ಗುರುತಿತ್ತು, ಹೋದ ಗುರುತಿರಲಿಲ್ಲ.

"ಈ ಮೂರೂ ಕಡೆ ಹೋಗಿಲ್ಲ."

"ಹಾಗಾದ್ರೆ ಬಂಡೆ ಕಡೆ ಹೋಗಿರತ್ತೆ. ಸರಿಯಾಗಿ ನೋಡು."

ಬಂಡೆಯ ಕಡೆ ನಿನ್ನೆಯ ಮೇಕೆಗಳ ಗೊರಸಿನ ಗುರುತು ಕಲಸುಮೇಲೋಗರವಾಗಿ ಬಿದ್ದಿತ್ತು. ಅಲ್ಲಿ ಏನೂ ತಿಳಿಯುವಂತಿರಲಿಲ್ಲ. 'ಹೋಗಿದೆ' ಎಂದುಬಿಟ್ಟರೆ ಸಾಕು, ಅಜ್ಜಿ ಎದ್ದು ಚಹಾಕ್ಕೆ ನೀರಿಡುತ್ತಾಳೆ. ಫ್ರೇಜ್ ಎಂದಿನಂತೆ ಕಾಲು ಝಾಡಿಸಿ ಏಳುತ್ತಾನೆ.

ಹಮದಾ ಫ್ರೇಜ್‌ನ ಕಾಲ ಕಡೆ ನೋಡಿದಳು. "ಅಜ್ಜಿ... ಆ ಕಡೆ ನಾನು ಗುಡಿಸೇ ಇಲ್ಲ. ನಿನ್ನೆ ಸುಳ್ಳು ಹೇಳ್ದೆ. ಹೋಗಿದ್ಯೋ ಇಲ್ವೋ ನಂಗೊತ್ತಾಗ್ತಿಲ್ಲ."

ಅಜ್ಜಿ ಬೈಯಲಿಲ್ಲ. ಅವಳ ದನಿ ಮಾತ್ರ ತೀರಾ ಸಣ್ಣದಾಯಿತು. "ಗೊತ್ತಿಲ್ಲ ಅಂದ್ರೆ ಇಲ್ಲೇ ಇದೆ ಅಂತ ತಿಳ್ಕೋ. ಅವನನ್ನ ಎಬ್ಬಿಸ್ಬೇಡ. ತಲೆ ಕಡೆಯಿಂದ ಇಳಿ. ಕಂಕುಳಿಗೆ ಕೈ ಹಾಕಿ ನೇರ ಮೇಲಕ್ಕೆ ಎತ್ಕೋ. ಕಾಲು ನೆಲಕ್ಕೆ ತಾಗಬಾರ್ದು."

ಫ್ರೇಜ್ ಮರಳಿನ ಮೂಟೆಯಷ್ಟು ಭಾರವಿದ್ದ. ನಿದ್ದೆಗಣ್ಣಲ್ಲಿ "ಬಿಡೇ..." ಎಂದು ಒಮ್ಮೆ ಕಾಲು ಝಾಡಿಸಿದ. ಹಮದಾ ಹಲ್ಲು ಕಚ್ಚಿ ಅವನನ್ನು ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದಳು.

ಅಜ್ಜಿ ಉದ್ದ ಕೋಲಿನಿಂದ ಜಮಖಾನೆಯನ್ನು ಎಳೆದಳು. ಏನೂ ಬೀಳಲಿಲ್ಲ. ಅಡಿಯಲ್ಲಿ ಬರೀ ಮರಳು.

"ಏನೂ ಇಲ್ಲ..." ಎನ್ನಹೊರಟ ಹಮದಾ ಮತ್ತೊಮ್ಮೆ ನೋಡಿದಳು. ಫ್ರೇಜ್‌ನ ಹಿಮ್ಮಡಿ ಇದ್ದ ಜಾಗದಲ್ಲಿ ಮರಳಿನಿಂದ ಎರಡು ಪುಟ್ಟ ಮುಳ್ಳುಗಳು ಎದ್ದಿದ್ದವು. ಮುಳ್ಳುಗಳ ಕೆಳಗೆ ಎರಡು ಕಣ್ಣು. ಮರಳೇ ಅವಳನ್ನು ನೋಡುತ್ತಿತ್ತು.

"ಎಲ್ಲೇ?" ಎಂದಳು ಅಜ್ಜಿ.

"ಕೋಲಿನ ತುದಿಯಿಂದ ಒಂದು ಗೇಣು ಎಡಕ್ಕೆ."

ಅಜ್ಜಿ ಅವಳ ಮಾತು ನಂಬಿ ಕೋಲು ಬೀಸಿದಳು. ಒಂದೇ ಏಟು.

"ಯಾಕೆ ನನ್ನ ಎತ್ಕೊಂಡಿದೀಯ? ನಾನೇನು ಪಾಪುನಾ?" ಎಂದು ಫ್ರೇಜ್ ಆಗ ಕಣ್ಣುಜ್ಜಿಕೊಂಡ. ಹಮದಾ ಅವನನ್ನು ಬಿಡಲಿಲ್ಲ. ಅವಳಿಗೆ ಅಳು ಬಂತು, ಅತ್ತಳು.

ಆ ಸಂಜೆಯೂ ಅದೇ ಜಾಗ. ಗಾಳಿಗೆ ಮರೆಯೆಂದರೆ ಆ ಬಂಡೆಯೊಂದೇ. ಹಮದಾ ಕೊಂಬೆ ಹಿಡಿದು ಮೊದಲು ಅಲ್ಲಿಗೇ ಹೋದಳು. ಬೆನ್ನ ಹಿಂದೆ ಸೀಳು ಉಸಿರು ಬಿಟ್ಟಿತು. ಅವಳು ಒಮ್ಮೆ ತಿರುಗಿ ನೋಡಿ, ಬಗ್ಗಿ ಗುಡಿಸಿದಳು.

"ಎಲ್ಲಾ ಕಡೆ ಗುಡಿಸಿದ್ಯೇನೇ?" ಎಂದು ಅಜ್ಜಿ ಕೇಳಿದಳು, ನಿನ್ನೆಯ ಹಾಗೆಯೇ.

ಹಮದಾ ಒಂದು ಸುತ್ತು ಕಣ್ಣು ಹಾಯಿಸಿದಳು. ಫ್ರೇಜ್ ಮಲಗುವ ಕಡೆ ಅವಳದೇ ಒಂದು ಹೆಜ್ಜೆ ಉಳಿದಿತ್ತು.

"ಒಂದ್ನಿಮಿಷ ಇರು ಅಜ್ಜಿ," ಎಂದು ಬಗ್ಗಿ ಅದನ್ನೂ ಅಳಿಸಿದಳು.